ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಅಜ್ಜಿ

ಬೆಂಗಳೂರಿನ ಪುರಭವನದಿಂದ ನಡೆದೇ ಹೋಗಬಹುದಾದ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರಿನ ಬಿಡಿಭಾಗಗಳು ಸಂತೆಯ ತರಕಾರಿಯಂತೆ ರಾಶಿ ಬಿದ್ದಿರುತ್ತವೆ. ನಮ್ಮ ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮೊಮ್ಮಗಳೊಂದಿಗೆ ಹೋಗಿದ್ದೆ. ಮೊದಲ ಅಂಗಡಿಯವನು “ಗುಜರಿಗೆ ಹಾಕಿ ಯಜಮಾನ್ರೇ” ಎಂದ. ಎರಡನೆಯವನು ಅದನ್ನು ಡಬ್ಬಿಯಂಥ ಕೇಸಿನೊಳಗೆ ಕೂರಿಸಿದ. “ನೋಡು ಮಗು, ಈ ದೊಡ್ಡ ಡಿಸ್ಕಿಗೆ 12 ವೋಲ್ಟೂ ಬೇಕು. ಯುಎಸ್‌ಬಿಯಲ್ಲಿ ಬರೋದು 5 ವೋಲ್ಟ್. ಅದಕ್ಕೇ ಈ ಅಡಾಪ್ಟರ್” ಎಂದು ವೈರು ಚುಚ್ಚಿದ. ಡಿಸ್ಕು ಗುರ್ ಎಂದು ತಿರುಗಿತು.

ಪರದೆಯ ಮೇಲೆ 2009ರ ಫೋಟೋಗಳು. ನನ್ನವಳು ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದಾಳೆ. ಮೊಮ್ಮಗಳು ಹುಟ್ಟುವ ಮೊದಲೇ ತೀರಿಕೊಂಡವಳು.

“ತಾತ, ಅಜ್ಜಿ ಹೀಗೆ ನಗ್ತಿದ್ರಾ?”

ಕೇಸಿನ ದುಡ್ಡನ್ನು ಚೌಕಾಸಿ ಮಾಡದೆ ಕೊಟ್ಟೆ. ಬ್ಯಾಂಕಿನಲ್ಲಿದ್ದವನಿಗೆ ಅದು ಅಪರೂಪವೇ. “ಡಿಸ್ಕಿಗೆ ವಯಸ್ಸಾಗಿದೆ, ಇನ್ನೊಂದು ಕಡೆ ನಕಲು ಇಟ್ಕೊಳ್ಳಿ” ಎಂದ ಆತ. ಭಾನುವಾರಗಳಲ್ಲಿ ಮೊಮ್ಮಗಳು ಆ ಕೆಲಸ ಮಾಡುತ್ತಿದ್ದಾಳೆ, ಪ್ರತಿ ಫೋಟೋಗೂ ನನ್ನಿಂದ ಒಂದು ಕಥೆ ಹೇಳಿಸಿಕೊಂಡು.