ನಾವು ಕೇಳಿದ್ದು ಬಲ್ಬ್ ಮಾತ್ರ

ಕರಾವಳಿಯ ಒಂದು ಸಣ್ಣ ನಗರದಲ್ಲಿ ನಮ್ಮ ಮನೆ. ಮುಖ್ಯರಸ್ತೆಯಿಂದ ಇಳಿಜಾರಾಗಿ ಕೆಳಗಿಳಿಯುವ ಒಳದಾರಿಯಲ್ಲಿ ಹದಿನಾಲ್ಕು ಮನೆಗಳಿವೆ. ಐದು ಮನೆ ಮುಸ್ಲಿಮರದ್ದು, ಏಳು ಹಿಂದೂಗಳದ್ದು, ಎರಡು ಕ್ರೈಸ್ತರದ್ದು. ದಾರಿಯ ಬದಿಯಲ್ಲಿ ಒಂದು ಚರಂಡಿ. ಮಳೆಗಾಲದಲ್ಲಿ ಮೇಲಿನ ಬಡಾವಣೆಯ ನೀರೆಲ್ಲ ಅದರಲ್ಲಿ ಹರಿದು ತೋಡಿಗೆ ಸೇರುತ್ತದೆ. ದಾರಿಯ ನಡುಭಾಗದಲ್ಲಿ ಚರಂಡಿಯ ಮೇಲಿನ ಸ್ಲ್ಯಾಬ್ ಒಡೆದು ಎರಡು ಮಳೆಗಾಲಗಳೇ ಕಳೆದಿದ್ದವು. ಜೋರು ಮಳೆ ಬಂದರೆ ದಾರಿಯೂ ಚರಂಡಿಯೂ ಒಂದೇ ಆಗಿ, ಎಲ್ಲಿ ಕಾಲಿಡಬೇಕು ಎಂದೇ ತಿಳಿಯುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಒಂದು ಮರದ ಕೊಂಬೆಯನ್ನು ಆ ಗುಂಡಿಯಲ್ಲಿ ನೆಟ್ಟು, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಕೊಂಬೆ ಕೊಳೆತಾಗ ಇನ್ಯಾರೋ ಬೇರೆ ಕೊಂಬೆ ನೆಡುತ್ತಿದ್ದರು. ನಮ್ಮ ಪಾಲಿಗೆ ಅದೇ ಪರಿಹಾರವಾಗಿತ್ತು.

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ನಮ್ಮ ನಗರಸಭೆಯೂ ಅದರಲ್ಲಿತ್ತು. ಆ ವರ್ಷದ ಮಳೆಯನ್ನು ಯಾರೂ ಮರೆತಿರಲಾರರು. ಕೊಡಗಿನಲ್ಲಿ ಗುಡ್ಡಗಳು ಕುಸಿದು ಜನ ಮನೆ-ಮಠ ಕಳೆದುಕೊಂಡಿದ್ದರು. ಪಕ್ಕದ ಕೇರಳ ನೆರೆಯಲ್ಲಿ ಮುಳುಗಿತ್ತು. ಆಗಸ್ಟ್ 22ಕ್ಕೆ ಬಕ್ರೀದ್. ಹಬ್ಬದ ಬೆನ್ನಿಗೇ ಕೊಡೆ ಹಿಡಿದುಕೊಂಡು ಮತ ಕೇಳುವವರು ಬರತೊಡಗಿದರು.

ಮೊದಲ ತಂಡ ನಮ್ಮ ಜಗಲಿಯಲ್ಲಿ ಕುಳಿತು ಈದ್ ಶುಭಾಶಯ ಹೇಳಿತು. ಅಭ್ಯರ್ಥಿ ನಮ್ಮ ತಾಯಿಯ ಬಳಿ ಬಂದು "ಉಮ್ಮಾ, ಆರೋಗ್ಯ ಹೇಗಿದೆ? ದುಆ ಮಾಡಬೇಕು" ಎಂದರು. ಕಬರಸ್ತಾನದ ಪಾಗಾರದ ಮಾತು ಬಂತು. ಕಾಲ ಕೆಟ್ಟಿದೆ, ನಮ್ಮವರ ರಕ್ಷಣೆಗೆ ನಮ್ಮವರೇ ಬೇಕು ಎಂಬ ಮಾತೂ ಬಂತು. ನಾವು ತಲೆದೂಗಿದೆವು. ಹೊರಡುವಾಗ "ನಿಮ್ಮದೇನಾದರೂ ಬೇಡಿಕೆ ಇದೆಯಾ?" ಎಂದು ಕೇಳಿದರು. ಮಗಳು ಟ್ಯೂಷನ್ ಮುಗಿಸಿ ಬರುವಾಗ ಕತ್ತಲಾಗುತ್ತದೆ, ಗೇಟಿನೆದುರಿನ ಕಂಬದ ಬಲ್ಬ್ ಹೋಗಿ ತಿಂಗಳುಗಳಾಗಿವೆ ಎಂದೆವು. ಜೊತೆಗಿದ್ದ ಹುಡುಗನೊಬ್ಬ ಪುಸ್ತಕದಲ್ಲಿ ಬರೆದುಕೊಂಡ. ಮೂರನೆಯ ದಿನ ಕಂಬದಲ್ಲಿ ಬಲ್ಬ್ ಉರಿಯಿತು. ಅಂದು ನಮಗಾದ ಸಂತೋಷ ಅಷ್ಟಿಷ್ಟಲ್ಲ. ಕೇಳಿದರೆ ಕೆಲಸವಾಗುತ್ತದೆ ಎಂದು ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆವು.

ಎದುರು ಮನೆಗೆ ಬಂದ ತಂಡ ಭಜನಾ ಮಂದಿರದ ಮಾಡಿನ ಬಗ್ಗೆ ಮಾತಾಡಿತಂತೆ. ಅಲ್ಲಿಯೂ ಕಾಲ ಕೆಟ್ಟಿತ್ತು, ಅಲ್ಲಿಯೂ 'ನಮ್ಮವರೇ' ಬೇಕಾಗಿತ್ತು. ಮೂಲೆಮನೆಯ ನಿವೃತ್ತ ಟೀಚರರಲ್ಲಿ ಇಗರ್ಜಿಗೆ ಹೋಗುವ ರಸ್ತೆಯ ಮಾತಾಯಿತು. ಒಬ್ಬರು ನಳ್ಳಿ ಸಂಪರ್ಕ ಕೇಳಿದರು, ಇನ್ನೊಬ್ಬರು ಮನೆಮುಂದಿನ ಮರದ ಕೊಂಬೆ ಕಡಿಸಬೇಕೆಂದರು, ಮತ್ತೊಬ್ಬರು ಮಗನಿಗೊಂದು ಕೆಲಸ ಕೇಳಿದರು. ಎಲ್ಲ ಪಕ್ಷದವರೂ ಆ ಒಡೆದ ಸ್ಲ್ಯಾಬನ್ನು ದಾಟಿಕೊಂಡೇ ಬಂದರು. ನಾವೇ ಅವರನ್ನು "ನೋಡಿಕೊಂಡು ಬನ್ನಿ, ಅಲ್ಲಿ ಗುಂಡಿ ಇದೆ" ಎಂದು ಎಚ್ಚರಿಸಿ ಕೈಹಿಡಿದು ದಾಟಿಸಿದೆವು. ಆದರೆ ಹದಿನಾಲ್ಕು ಮನೆಗಳಲ್ಲಿ ಒಂದು ಮನೆಯವರೂ ಅದನ್ನು ಸರಿಮಾಡಿಸಿ ಎಂದು ಕೇಳಲಿಲ್ಲ. ಕಾರಣ ಬಹಳ ಸಣ್ಣದು. ಆ ಗುಂಡಿ ಯಾರ ಗೇಟಿನೆದುರೂ ಇರಲಿಲ್ಲ. ಎರಡು ಪಾಗಾರಗಳ ನಡುವೆ ಇತ್ತು.

ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ಪಟಾಕಿ ಸಿಡಿಯಿತು. ನಾವು ಮತ ಹಾಕಿದವರೇ ಗೆದ್ದರು.

ಮರುವರ್ಷ, 2019ರ ಜುಲೈ ತಿಂಗಳ ಒಂದು ಮುಂಜಾನೆ ಎದುರುಮನೆಯ ಅಜ್ಜಿ ಹಾಲು ತರಲು ಹೋಗಿದ್ದರು. ರಾತ್ರಿಯ ಮಳೆಗೆ ಕೊಂಬೆ ಕೊಚ್ಚಿಹೋಗಿತ್ತು. ನಾವು ಫಜ್ರ್ ನಮಾಝ್ ಮುಗಿಸಿ ಕುಳಿತಿದ್ದೆವು. ಕೂಗು ಕೇಳಿ ಓಡಿಹೋಗುವಾಗ ಅವರು ಸೊಂಟದವರೆಗೆ ನೀರಿನಲ್ಲಿದ್ದರು. ನಮ್ಮ ಗೇಟಿನೆದುರಿನ ಬಲ್ಬ್ ಇನ್ನೂ ಉರಿಯುತ್ತಿತ್ತು. ಅಲ್ಲಿಂದ ಆ ಗುಂಡಿಗೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಆದರೆ ಬೆಳಕು ನಮ್ಮ ಗೇಟಿನವರೆಗೆ ಸಾಕಷ್ಟಿತ್ತು, ಅಲ್ಲಿಯವರೆಗೆ ಸಾಲುತ್ತಿರಲಿಲ್ಲ. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ, ಹಾಲಿನ ಪ್ಯಾಕೆಟ್ ಎಲ್ಲಿ ಹೋಯಿತು ಎಂದು. ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಆದರೆ ನಮ್ಮ ಮಕ್ಕಳನ್ನು ಎತ್ತಿ ಆಡಿಸಿದ ಆ ಜೀವ ಮತ್ತೆ ವಾಕರ್ ಇಲ್ಲದೆ ಅಂಗಳಕ್ಕೂ ಇಳಿಯಲಿಲ್ಲ.

ಅಂದು ಸಂಜೆ ನಾವು ಕೆಲವರು ಸಿಟ್ಟಿನಿಂದ ಸದಸ್ಯರ ಮನೆಗೆ ಹೋದೆವು. ಅವರು ಕೂರಿಸಿ ಚಹಾ ಕೊಟ್ಟರು. "ನನಗಿನ್ನೂ ಅಧಿಕಾರವೇ ಸಿಕ್ಕಿಲ್ಲವಲ್ಲ" ಎಂದರು. ಅದು ಸುಳ್ಳಾಗಿರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದ ಹೈಕೋರ್ಟಿನಲ್ಲಿತ್ತು. ಆ ಚುನಾವಣೆಯಲ್ಲಿ ಗೆದ್ದವರು ರಾಜ್ಯದ ಹಲವು ಊರುಗಳಲ್ಲಿ 2020ರ ಕೊನೆಯ ಭಾಗದವರೆಗೂ ಹೆಸರಿಗೆ ಮಾತ್ರ ಸದಸ್ಯರಾಗಿದ್ದರು. ಆಡಳಿತ ನಡೆಸಿದವರು ಆಡಳಿತಾಧಿಕಾರಿಗಳು. ಮತ ಹಾಕಿದ ನಾವು ಎರಡು ವರ್ಷ ಇದನ್ನು ಪ್ರಶ್ನಿಸಲೂ ಇಲ್ಲ.

ಆದರೆ ನಮ್ಮನ್ನು ನಾಟಿದ್ದು ಅವರ ಎರಡನೆಯ ಮಾತು. "ಅಂದು ನೀವು ಯಾರೂ ಸ್ಲ್ಯಾಬಿನ ವಿಷಯ ಹೇಳಲೇ ಇಲ್ಲವಲ್ಲ" ಎನ್ನುತ್ತಾ ಅವರು ಒಳಗಿನಿಂದ ಆ ಹಳೆಯ ಪುಸ್ತಕ ತಂದರು. ನಮ್ಮ ಮನೆಯ ಹೆಸರಿನೆದುರು 'ಬಲ್ಬ್' ಎಂದಿತ್ತು. ಪಕ್ಕದಲ್ಲಿ ಸರಿ ಗುರುತು ಹಾಕಿತ್ತು. ಅವರ ಲೆಕ್ಕದಲ್ಲಿ ನಮ್ಮ ಮನೆಯ ಬಾಕಿ ಏನೂ ಉಳಿದಿರಲಿಲ್ಲ.

ಮನೆಗೆ ಮರಳುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ದಾರಿಯಲ್ಲಿ ಬಿದ್ದ ತೊಡಕನ್ನು ಸರಿಸುವುದೂ ಈಮಾನಿನ ಒಂದು ಶಾಖೆ ಎಂದು ನಾವು ಮದ್ರಸದಲ್ಲಿ ಕಲಿತವರು, ಮಕ್ಕಳಿಗೆ ಕಲಿಸುವವರು. ನೆರೆಯವರ ಹಕ್ಕಿನ ಬಗ್ಗೆ ಪ್ರವಚನ ಕೇಳಿ ಕಣ್ಣೀರು ಹಾಕಿದವರು. ಮತವೊಂದು ಅಮಾನತ್ ಎಂದು ಜುಮಾದ ದಿನ ಖತೀಬರು ಹೇಳಿದಾಗ ತಲೆಯಾಡಿಸಿದವರು. ಆ ಅಮಾನತ್ತಿಗೆ ನಾವು ಪಡೆದದ್ದು ಒಂದು ಬಲ್ಬ್!

ಸಮುದಾಯದ ಬೇಡಿಕೆ ಕೇಳುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ನೀರು, ನೈರ್ಮಲ್ಯ, ಬೀದಿದೀಪಗಳ ಜೊತೆಗೆ ದಫನಭೂಮಿ, ಸ್ಮಶಾನಗಳೂ ಅದರಲ್ಲಿವೆ. ಕಬರಸ್ತಾನದ ಪಾಗಾರ ಕೇಳಲು ನಮಗೆ ಹಕ್ಕಿದೆ. ನಮ್ಮೊಳಗಿನ ಭಯವೂ ಸುಳ್ಳಲ್ಲ, ಕರಾವಳಿಯಲ್ಲಿ ಬದುಕುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಭಯದ ಬಗ್ಗೆ ಮಾತಾಡುವುದಕ್ಕೆ ಅಭ್ಯರ್ಥಿಗೆ ಒಂದು ಪೈಸೆಯೂ ಖರ್ಚಿಲ್ಲ. ಐದು ವರ್ಷದ ನಂತರ ಅದರ ಲೆಕ್ಕ ಕೇಳುವವರಿಲ್ಲ. ಸ್ಲ್ಯಾಬ್ ಹಾಗಲ್ಲ. ಹಾಕಿದ್ದರೆ ಕಾಣುತ್ತದೆ, ಹಾಕದಿದ್ದರೆ ಕಾಲು ಮುರಿಯುತ್ತದೆ. ಪ್ರತಿ ಜಗಲಿಯಲ್ಲಿ ಬೇರೆ ಬೇರೆ ಮಾತಾಡಿ ಹೋಗಲು ಅವರಿಗೆ ಸಾಧ್ಯವಾದದ್ದು, ಜಗಲಿಯಿಂದ ಜಗಲಿಗೆ ನಾವು ಮಾತಾಡದಿದ್ದುದರಿಂದ.

ಮುಂದಿನ ಆದಿತ್ಯವಾರ ಟೀಚರರ ಮನೆಯಲ್ಲಿ ಎಲ್ಲ ಮನೆಯವರು ಸೇರಿದೆವು. ಹಬ್ಬದ ತಿಂಡಿ ಹಂಚಲು ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗುತ್ತಿದ್ದೆವೇ ವಿನಾ ಹದಿನಾಲ್ಕು ಮನೆಯವರು ಒಟ್ಟಿಗೆ ಕುಳಿತದ್ದು ಅದೇ ಮೊದಲು. ಟೀಚರ್ ಅರ್ಜಿ ಬರೆದರು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ ಚರಂಡಿ, ಬೀದಿದೀಪ, ಸ್ವಚ್ಛತೆ ಇವೆಲ್ಲ ನಗರಸಭೆಯ ಕಡ್ಡಾಯ ಕರ್ತವ್ಯಗಳು ಎಂಬುದು ಆಗಲೇ ನಮಗೆ ತಿಳಿದದ್ದು. ಇಷ್ಟು ದಿನ ನಾವು ಅದನ್ನು ಉಪಕಾರವೆಂದು ಬೇಡುತ್ತಿದ್ದೆವು. ಎಲ್ಲರೂ ಸಹಿ ಹಾಕಿದರು. ಅಜ್ಜಿಯ ಹೆಬ್ಬೆಟ್ಟಿನ ಗುರುತನ್ನು ಹಾಸಿಗೆಯ ಬಳಿಗೇ ಹೋಗಿ ಪಡೆದೆವು. ಪೌರಾಯುಕ್ತರ ಕಚೇರಿಯಲ್ಲಿ ಅರ್ಜಿ ಕೊಟ್ಟು, ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದೆವು. ಎರಡು ತಿಂಗಳು ಉತ್ತರವಿಲ್ಲ. ಆಗ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನಮ್ಮ ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಕೇಳಿದೆವು. ಮೂವತ್ತು ದಿನದ ಗಡುವು ಮುಗಿಯುವ ಮೊದಲೇ ಇಂಜಿನಿಯರ್ ಬಂದು ಅಳತೆ ತೆಗೆದುಕೊಂಡರು. 2020ರ ಫೆಬ್ರುವರಿಯಲ್ಲಿ ಸ್ಲ್ಯಾಬ್ ಬಿತ್ತು. ಆಗಲೂ ಚುನಾಯಿತ ಆಡಳಿತ ಬಂದಿರಲಿಲ್ಲ. ಆದರೂ ಸದಸ್ಯರು ಕೆಲಸದ ದಿನ ಬಂದು ನಿಂತರು. ಅದಕ್ಕೆ ನಾವು ಕೃತಜ್ಞರು.

ಮೂರು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನ ಹೇಳುತ್ತದೆ. ನಮ್ಮಂತಹ ಸಣ್ಣ ಊರುಗಳಿಗೆ ಆ ಕಡ್ಡಾಯವಿಲ್ಲ. ಆದರೆ ಒಂದು ಓಣಿಯವರು ಸೇರಿ ಕುಳಿತುಕೊಳ್ಳಲು ಕಾಯ್ದೆ ಯಾಕೆ ಬೇಕು? ಅಂದಿನಿಂದ ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ. ಯಾವ ಚುನಾವಣೆಯೇ ಬರಲಿ, ಮೊದಲು ಒಂದು ಹಾಳೆಯಲ್ಲಿ ಎಲ್ಲರ ಬೇಡಿಕೆ ಬರೆಯುವುದು. ಎಲ್ಲ ಪಕ್ಷದವರಿಗೂ ಅದೇ ಹಾಳೆಯ ಪ್ರತಿ ಕೊಡುವುದು. ಅವರು ಹೇಳಿದ್ದನ್ನು ದಿನಾಂಕ ಹಾಕಿ ನಾವೂ ಬರೆದಿಟ್ಟುಕೊಳ್ಳುವುದು. ಪುಸ್ತಕ ಅವರ ಕೈಯಲ್ಲಿ ಮಾತ್ರ ಯಾಕಿರಬೇಕು?

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಬಂದ ತಂಡಕ್ಕೂ ಅದೇ ಹಾಳೆ ಕೊಟ್ಟೆವು. ತಂಡದ ಯುವಕನೊಬ್ಬ ಬಿಸಿಲಿನಲ್ಲಿ ನಿಂತು ಪೂರ್ತಿ ಓದಿದ. ಬೇಸಗೆಯಲ್ಲಿ ನೀರು ಬರುವ ಹೊತ್ತು, ಕಸದ ಗಾಡಿ, ತೋಡಿನ ಹೂಳು, ಇಳಿಜಾರಿನಲ್ಲಿ ಹಿರಿಯರಿಗೆ ಹಿಡಿದು ನಡೆಯಲು ಒಂದು ಕಬ್ಬಿಣದ ಸರಳು. ಓದಿ ಮುಗಿಸಿ ಆತ "ಇದರಲ್ಲಿ ನಿಮ್ಮ ಮನೆಯದ್ದು ಯಾವುದು?" ಎಂದು ಕೇಳಿದ. ತಪ್ಪು ಅವನದ್ದಲ್ಲ. ಹಾಗೆ ಕೇಳುವುದನ್ನು ಅವರಿಗೆ ಅಭ್ಯಾಸ ಮಾಡಿಸಿದವರು ನಾವೇ. ಹಾಳೆಯ ಕೆಳಗಿನ ಹದಿನಾಲ್ಕು ಸಹಿಗಳನ್ನು ತೋರಿಸಿದೆವು.

ನಿಮ್ಮ ಓಣಿಗೂ ಮತ ಕೇಳುವವರು ಬಂದೇ ಬರುತ್ತಾರೆ. ಅವರು ಗೇಟು ತೆರೆಯುವ ಮೊದಲು ನೀವೊಮ್ಮೆ ನೆರೆಯವರ ಗೇಟು ತೆರೆಯಿರಿ. ನಾವು ಅದನ್ನು ಒಂದು ವರ್ಷ ಮೊದಲೇ ಮಾಡಿದ್ದರೆ ಆ ಅಜ್ಜಿ ತಮ್ಮ ಕಾಲ ಮೇಲೆಯೇ ನಡೆಯುತ್ತಿದ್ದರು.