ಒಡೆಯಲೆಂದೇ ಮಾಡಿದ ಹಲಸು

ಕಳೆದ ಬೇಸಿಗೆಯಲ್ಲಿ ಸಾಗರದಿಂದ ಮಗಳು ಫೋನ್ ಮಾಡಿದ್ದಳು. ಮೊಮ್ಮಗಳ ಎಂಟನೆಯ ಹುಟ್ಟುಹಬ್ಬಕ್ಕೆ 'ಹಣ್ಣಿನ ತೋಟ' ಎಂಬ ಥೀಮ್ ಇಟ್ಟುಕೊಂಡಿದ್ದಾರಂತೆ. ಬರುವ ಮಕ್ಕಳೆಲ್ಲ ಒಂದೊಂದು ಹಣ್ಣಿನ ವೇಷ ಹಾಕಬೇಕಂತೆ. "ಅಪ್ಪಯ್ಯ, ನೀವೊಂದು ಪಿನ್ಯಾಟಾ ಮಾಡಿಕೊಡ್ತೀರಾ?" ಎಂದಳು. ಆ ಶಬ್ದ ನನಗೆ ಹೊಸದು. ವಿವರಿಸಿ ಹೇಳೆಂದು ಕೇಳಿಕೊಂಡೆ.

ಮೆಕ್ಸಿಕೋ ದೇಶದಲ್ಲಿ ಕ್ರಿಸ್ಮಸ್ಸಿಗೆ ಮುಂಚೆ, ಡಿಸೆಂಬರ್ 16ರಿಂದ 24ರವರೆಗಿನ ಒಂಬತ್ತು ದಿನಗಳ ಆಚರಣೆಯಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಹಳೆಯ ಪದ್ಧತಿಯಂತೆ ಮಣ್ಣಿನ ಗಡಿಗೆಗೆ ಬಣ್ಣದ ಕಾಗದ ಅಂಟಿಸಿ, ಏಳು ಕೊಂಬುಗಳ ನಕ್ಷತ್ರದ ಆಕಾರ ಕೊಟ್ಟು, ಒಳಗೆ ಹಣ್ಣು, ಮಿಠಾಯಿ ತುಂಬಿ ಮೇಲೆ ತೂಗುಹಾಕುತ್ತಾರೆ. ಏಳು ಕೊಂಬುಗಳು ಏಳು ಪಾಪಗಳ ಸಂಕೇತವೆಂದು ಹೇಳುವುದುಂಟು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಕೋಲಿನಿಂದ ಹೊಡೆದು ಅದನ್ನು ಒಡೆಯಬೇಕು. ಈಗ ಗಡಿಗೆಯ ಬದಲು ಬರಿಯ ಕಾಗದದ್ದೇ ಹೆಚ್ಚು ಬಳಕೆಯಲ್ಲಿದೆ.

ಕೇಳುತ್ತಿದ್ದಂತೆ ನನಗೆ ನಗು ಬಂದಿತು. ಇದು ನಮ್ಮ ಮಡಕೆ ಒಡೆಯುವ ಆಟವೇ ಅಲ್ಲವೇ! ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಯಂದು ರಥಬೀದಿಯ ಗುರ್ಜಿಗಳಿಗೆ ಕಟ್ಟಿದ ಕುಡಿಕೆಗಳನ್ನು ಗೊಲ್ಲವೇಷದವರು ಒಡೆಯುವುದನ್ನು ನೋಡದವರು ಯಾರು? ನಮ್ಮ ಶಾಲೆಗಳಲ್ಲಂತೂ ಮಡಕೆ ಒಡೆಯದೆ ರಾಜ್ಯೋತ್ಸವ ಮುಗಿಯುತ್ತಿರಲಿಲ್ಲ. ಒಂದೇ ವ್ಯತ್ಯಾಸ: ನಮ್ಮಲ್ಲಿ ಮಡಕೆ ಕಟ್ಟಿದಲ್ಲೇ ಇರುತ್ತದೆ, ಅಲ್ಲಿ ಹಗ್ಗ ಹಿಡಿದವನು ಅದನ್ನು ಏರಿಸಿ ಇಳಿಸಿ ಹೊಡೆಯುವವನನ್ನು ಆಟವಾಡಿಸುತ್ತಾನೆ.

ಹಣ್ಣಿನ ತೋಟವೆಂದ ಮೇಲೆ ಮಲೆನಾಡಿನ ಅಜ್ಜ ಹಲಸನ್ನಲ್ಲದೆ ಇನ್ನೇನು ಮಾಡಿಯಾನು? ದೊಡ್ಡ ಬೆಲೂನೊಂದನ್ನು ಊದಿ ಕಟ್ಟಿದೆ. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು ಹಾಕಿ ಗಂಟಾಗದಂತೆ ಕಾಯಿಸಿ ಅಂಟು ಮಾಡಿದೆ. ಹಿಂದೆ ಪುಸ್ತಕಗಳಿಗೆ ರಟ್ಟು ಕಟ್ಟುವಾಗ ಹುಳ ಹಿಡಿಯದಿರಲೆಂದು ಇದೇ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಆ ವಿಷ ಮಕ್ಕಳ ಮಿಠಾಯಿಯ ಹತ್ತಿರ ಸುಳಿಯಬಾರದೆಂದು ಈ ಬಾರಿ ಬಿಟ್ಟೆ. ಎರಡು ಬೆರಳಗಲದ ಪತ್ರಿಕೆಯ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಅಡ್ಡಡ್ಡ, ಉದ್ದುದ್ದ ಮೆತ್ತಿದೆ. ಒಂದು ಪದರ ಅಂಗಳದ ಬಿಸಿಲಿನಲ್ಲಿ ಒಣಗಿದ ಮೇಲೆಯೇ ಮತ್ತೊಂದು. ಮೂರು ಪದರ ಸಾಕೆಂದಿದ್ದಳು ಮಗಳು. ಮೇಷ್ಟರ ಬುದ್ಧಿ, ಐದು ಪದರ ಹಾಕಿದೆ. ಬೆಲೂನು ಚುಚ್ಚಿ ತೆಗೆದು, ಹಸಿರು ಕಾಗದವನ್ನು ಪುಟ್ಟ ಪುಟ್ಟ ಗೊಟ್ಟಗಳಾಗಿ ಸುತ್ತಿ ಮುಳ್ಳುಗಳನ್ನು ಅಂಟಿಸಲು ನಾಲ್ಕು ಸಂಜೆಗಳು ಬೇಕಾದವು. ತುಂಬಲು ತೊಟ್ಟಿನ ಬಳಿ ಬಾಯಿ ಬಿಟ್ಟಿದ್ದೆ.

ಅದನ್ನು ಮಡಿಲಲ್ಲಿಟ್ಟುಕೊಂಡು ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿದೆ. ಕೋಣಂದೂರಿನಲ್ಲಿ ಪಕ್ಕಕ್ಕೆ ಬಂದು ಕುಳಿತವರು "ಬಕ್ಕೆಯೋ, ಅಂಬಲಿಯೋ?" ಎಂದು ಕೇಳಿದರು. "ಕಾಗದದ್ದು" ಎಂದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಬಸ್ಸು ಹೊಸನಗರ ತಾಲ್ಲೂಕಿಗೆ ಹೊಕ್ಕು ರಿಪ್ಪನ್‌ಪೇಟೆಯಲ್ಲಿ ನಿಂತಾಗ ಮಾತ್ರ ನನ್ನ ನಗು ನಿಂತಿತು.

ಆ ಸೀಮೆಯ ಹಳ್ಳಿಯೊಂದರಲ್ಲಿ ನಾನು 1980ರ ದಶಕದಲ್ಲಿ ಪಾಠ ಹೇಳಿದ್ದೆ. ಒಂದು ರಾಜ್ಯೋತ್ಸವದಂದು, ಆರನೆಯ ತರಗತಿಯಲ್ಲಿದ್ದ ಕುಂಬಾರರ ಮನೆಯ ಹುಡುಗನನ್ನು ಕರೆದು ಕೋಲು ಕೊಟ್ಟೆ. ಅವನು ಮಡಕೆಯನ್ನೊಮ್ಮೆ ನೋಡಿ, "ನಾನು ಒಡೆಯೋದಿಲ್ಲ ಸಾರ್" ಎಂದ. "ಒಡೆಯದೆ ಪೂಜೆ ಮಾಡ್ತೀಯೇನೋ?" ಎಂದೆ. ಮೈದಾನವೆಲ್ಲ ನಕ್ಕಿತು. ಅಂದಿನಿಂದ ಹುಡುಗರು ಅವನನ್ನು 'ಪೂಜೆ' ಎಂದೇ ಕರೆಯತೊಡಗಿದರು. ಅದು ನನ್ನ ಕಿವಿಗೂ ಬೀಳುತ್ತಿತ್ತು.

ಮಡಕೆಯ ದುಡ್ಡು ಕೊಡಲು ಹೋದಾಗ ಅವನ ತಂದೆಗೆ ಇದನ್ನೊಂದು ತಮಾಷೆಯೆಂಬಂತೆ ಹೇಳಿದೆ. ಆತ ಬೇಸರಪಡಲಿಲ್ಲ. "ಒಡೆದರೇ ನಮಗೆ ಅನ್ನ, ಮೇಷ್ಟ್ರೇ" ಎಂದು ನಕ್ಕು, "ಆದರೆ ಅದನ್ನ ತಟ್ಟಿದ್ದು ಅವನೇ. ಅವನು ಪೂರ್ತಿ ತಟ್ಟಿದ ಮೊದಲನೇ ಮಡಕೆ" ಎಂದರು. ನನಗೆ ಮಾತು ಹೊರಡಲಿಲ್ಲ. ಮರುದಿನ ತರಗತಿಯಲ್ಲಿ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಮೇಷ್ಟರು ಹುಡುಗರ ಎದುರು ತಪ್ಪೊಪ್ಪಿಕೊಂಡರೆ ಶಿಸ್ತು ಕೆಡುತ್ತದೆಂದು ಆಗ ನಂಬಿದ್ದೆ. ಮುಂದಿನ ವರ್ಷದ ರಾಜ್ಯೋತ್ಸವಕ್ಕೆ ಅವನು ಶಾಲೆಗೆ ಬರಲಿಲ್ಲ. ನಾನು ಕಾರಣ ಕೇಳಲೂ ಇಲ್ಲ.

ಸಾಗರದಲ್ಲಿ ಹಲಸಿನ ಹೊಟ್ಟೆಗೆ ಚಾಕೊಲೇಟು, ಪೆಪ್ಪರಮೆಂಟು, ಕಡಲೆ ಚಿಕ್ಕಿ ತುಂಬಿ ಬಾಯಿ ಮುಚ್ಚಿ, ಜಗಲಿಯ ತೊಲೆಗೆ ಕಟ್ಟಿದೆವು. ಮಾವು, ಗೇರು, ದಾಳಿಂಬೆಗಳೆಲ್ಲ ಸರದಿಯ ಮೇಲೆ ಬಂದು ಹೊಡೆದವು. ಐದು ಪದರದ ಹಲಸು ಮಿಸುಕಲಿಲ್ಲ! ಪ್ರತಿ ಏಟಿಗೆ ಹತ್ತಾರು ಮುಳ್ಳುಗಳು ಉದುರುತ್ತಿದ್ದವು, ಅಷ್ಟೆ. ಕೊನೆಗೆ ಮೊಮ್ಮಗಳು ಕೋಲನ್ನು ತಂದು ನನ್ನ ಕೈಗಿತ್ತು, "ಅಜ್ಜ, ನೀನೇ ಒಡಿ" ಎಂದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಕೋಲು ಹಿಡಿದು ನಿಂತೆ. ಯಾವ ಮುಳ್ಳನ್ನು ಯಾವ ಸಂಜೆ ಅಂಟಿಸಿದೆನೆಂಬುದು ನನಗೆ ಗೊತ್ತಿತ್ತು. ಒಡೆಯಲೆಂದೇ ಮಾಡಿದ್ದೆಂಬುದೂ ಗೊತ್ತಿತ್ತು. ಆದರೂ ಕೈ ಏಳಲಿಲ್ಲ. "ನನ್ನಿಂದ ಆಗೋದಿಲ್ಲ ಪುಟ್ಟಿ" ಎಂದೆ. ಅವಳು ನನ್ನ ಮುಖ ನೋಡಿದಳು, ನಗಲಿಲ್ಲ. "ಸರಿ ಅಜ್ಜ, ನೀನು ಹಗ್ಗ ಹಿಡಿ" ಎಂದು ಕೋಲನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ನಾಲ್ಕನೆಯ ಏಟಿಗೆ ಹಲಸು ಬಿರಿಯಿತು. ಮಕ್ಕಳು ಮಿಠಾಯಿಗೆ ಮುಗಿಬಿದ್ದರು. ಅವರ ಸಂಭ್ರಮವನ್ನು ಕಂಡು ನನಗೂ ಸಂತೋಷವೇ ಆಯಿತು. ಒಡೆದುದಕ್ಕೆ ದುಃಖವೇನೂ ಇಲ್ಲ. ಆ ಕುಂಬಾರರ ಮಾತು ನಿಜ.

ಆದರೆ ಎಂಟು ವರ್ಷದ ಮಗುವಿಗೆ ತಿಳಿದದ್ದು ಅಂದು ಕೋಲು ಕೊಟ್ಟ ಮೇಷ್ಟರಿಗೆ ತಿಳಿದಿರಲಿಲ್ಲ. ಆ ಹುಡುಗನಿಗೆ ಈಗ ಐವತ್ತರ ಆಸುಪಾಸು ಇರಬೇಕು. ಹೆಸರು ಬರೆಯುವುದಿಲ್ಲ, ಅವನಿಗೆ ಗೊತ್ತಾಗುತ್ತದೆ. ಅಪ್ಪಾ, ನಿನ್ನ ಮಡಕೆ ಚೆನ್ನಾಗಿತ್ತು. ಅಂದು ನಾನು ನಗಬಾರದಿತ್ತು.