ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳಲ್ಲಿ ಕಾಲ್ನಡಿಗೆ

ಗಿರಿಯಾತ್ರೆ ಎಂದೊಡನೆ ನಮ್ಮವರ ಮನಸ್ಸು ಹಿಮಾಲಯದ ಕಡೆಗೋ ಸಹ್ಯಾದ್ರಿಯ ಕಡೆಗೋ ಹರಿಯುವುದು ಸಹಜ. ಬಳ್ಳಾರಿಯ ಹೆಸರೆತ್ತಿದರೆ ಕೇಳಿದವರು ಮೊದಲು ಬಿಸಿಲನ್ನೂ ಅನಂತರ ಗಣಿಯ ಧೂಳನ್ನೂ ನೆನೆದು ನಗುವರು. ಬಿಸಿಲಿಲ್ಲವೆಂದು ನಾವು ಹೇಳುವುದಿಲ್ಲ. ವೈಶಾಖದಲ್ಲಿ ಇಲ್ಲಿಯ ಬಂಡೆಯನ್ನು ಒಮ್ಮೆ ಮುಟ್ಟಿದವರು ಇನ್ನೊಮ್ಮೆ ಮುಟ್ಟಲಾರರು. ಆದರೆ ಕಾರ್ತಿಕದಿಂದ ಮಾಘದವರೆಗೆ ಬೆಳಗಿನ ಹೊತ್ತಿನಲ್ಲಿ ಈ ಗುಡ್ಡಗಳ ನಡುವೆ ನಡೆಯತಕ್ಕವರಿಗೆ ದೊರೆಯುವ ಸುಖವು ಮಲೆನಾಡಿನ ಸುಖಕ್ಕಿಂತ ಬೇರೆಯಾದುದೇ ಹೊರತು ಕಡಮೆಯಾದುದಲ್ಲ. ಉದ್ಯೋಗದಿಂದ ಬಿಡುವಾದ ಮೇಲೆ ನಾವೂ, ನಮ್ಮಂತೆಯೇ ಪಾಠ ಹೇಳಿ ದಣಿದ ಇಬ್ಬರು ಮಿತ್ರರೂ ಎರಡು ಚಳಿಗಾಲಗಳಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸುತ್ತಣ ಗುಡ್ಡಗಳನ್ನು ನಡೆದು ನೋಡಿದೆವು. ಅವುಗಳಲ್ಲಿ ಕೆಲವನ್ನು ವಾಚಕರ ಮುಂದಿಡುತ್ತೇವೆ.

ಬಳ್ಳಾರಿ ಗುಡ್ಡವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅದು ಊರ ನಡುವೆಯೇ ನಿಂತಿದೆ. ಮೇಲಿನ ಕೋಟೆ ವಿಜಯನಗರದರಸರಿಗೆ ಅಧೀನನಾಗಿದ್ದ ಹನುಮಪ್ಪನಾಯಕನದು. ಕೆಳಗಿನ ಕೋಟೆಯನ್ನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯು ಕಟ್ಟಿಸಿದನು. ಕಟ್ಟಿದ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರಗುಡ್ಡವು ಇದಕ್ಕಿಂತ ಎತ್ತರವೆಂಬುದನ್ನು ಗಮನಿಸಲಿಲ್ಲವೆಂದೂ, ಅದಕ್ಕಾಗಿ ಹೈದರನು ಅವನನ್ನು ನೇಣಿಗೇರಿಸಿದನೆಂದೂ ಊರಲ್ಲೆಲ್ಲ ಹೇಳುತ್ತಾರೆ. ಇಷ್ಟು ದೊಡ್ಡ ಗುಡ್ಡವು ಕೋಟೆ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವೆಂಬುದನ್ನು ನಂಬುವುದು ಕಷ್ಟ. ಕಥೆ ಮಾತ್ರ ಸೊಗಸಾಗಿದೆ. ಮೆಟ್ಟಿಲುಗಳಿರುವುದರಿಂದ ಮಕ್ಕಳೂ ಹತ್ತಬಹುದು.

ನಮ್ಮ ಮನಸ್ಸು ನಿಂತದ್ದು ಊರಿಗೆ ಈಶಾನ್ಯದಲ್ಲಿ ಸುಮಾರು 5 ಕಿಲೋಮೀಟರು ದೂರದ ಸಂಗನಕಲ್ಲಿನ ಗುಡ್ಡಗಳಲ್ಲಿ. ದೂರದಿಂದ ನೋಡಿದರೆ ಯಾರೋ ದೈತ್ಯರು ಆಟವಾಡಿ ಬಿಟ್ಟುಹೋದ ಗುಂಡುಗಳ ರಾಶಿಯಂತೆ ಕಾಣುವುವು. ಭೂಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು 19ನೆಯ ಶತಮಾನದಲ್ಲಿ ಇಲ್ಲಿ ನವಶಿಲಾಯುಗದವರ ಕಲ್ಲುಕೊಡಲಿಗಳನ್ನು ಕಂಡನು; ಅನಂತರ ಸುಬ್ಬರಾವ್ ಎಂಬ ವಿದ್ವಾಂಸರು ಅಗೆದು ನೋಡಿದರು; ಈಚೆಗೆ ನಮ್ಮವರೂ ಹೊರದೇಶದವರೂ ಕೂಡಿ ವರ್ಷಗಟ್ಟಲೆ ಶೋಧಿಸಿದ್ದಾರೆ. ಕಪ್ಪಗಲ್ಲಿನ ಕಡೆಯ ಹಿರೇಗುಡ್ಡದ ಮೈಮೇಲೆ ಡೊಲರೈಟ್ ಎಂಬ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಜನರು ಈ ಪಟ್ಟಿಯಿಂದ ಕಲ್ಲನ್ನು ಒಡೆದು, ಕೆತ್ತಿ, ಬಂಡೆಗಳ ಮೇಲೆ ಮಸೆದು ಕೊಡಲಿ ಮಾಡುತ್ತಿದ್ದರು. ಮಸೆದು ನುಣುಪಾದ ಗೆರೆಗಳನ್ನೂ ಕಾಳು ಅರೆದ ಕುಳಿಗಳನ್ನೂ ಇಂದಿಗೂ ಬೆರಳಿಟ್ಟು ನೋಡಬಹುದು. ಅವರ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದಾಗ ಹುರುಳಿ, ಹೆಸರು, ಕೊರಲೆ ಇವು ಕಂಡುಬಂದುವು. ಮನೆಯ ಒಲೆಯ ಮೇಲೆ ಹುರುಳಿಸಾರು ಕುದಿಯುವಾಗ ಗೃಹಿಣಿಯರು ಇದನ್ನೊಮ್ಮೆ ನೆನೆಯಲಿ. ಅವರ ಕೈಯ ಸೌಟಿಗೆ ಎಷ್ಟು ತಲೆಮಾರುಗಳ ಹಿಂಬಲವಿದೆ!

ಹಿರೇಗುಡ್ಡದ ಬಂಡೆಗಳ ಮೇಲೆ ನೀಳಗೊಂಬಿನ ದನಗಳ ಚಿತ್ರಗಳಿವೆ. ಅವು ಬಣ್ಣದವಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದವು. ಆದರೆ ಚಿತ್ರಗಳಿಗಿಂತ ಅಚ್ಚರಿಯಾದುದು ಅಲ್ಲಿಯ ನಾದಶಿಲೆ. ಕುರಿ ಮೇಯಿಸುತ್ತಿದ್ದ ಹುಡುಗನೊಬ್ಬನು ನಮ್ಮನ್ನು ಒಂದು ಬಂಡೆಯ ಬಳಿಗೆ ಕರೆದೊಯ್ದನು. ಅದರ ಮೇಲೆ ಬಟ್ಟಲಿನಂತಹ ಸಣ್ಣ ಸಣ್ಣ ಕುಳಿಗಳು. “ಮೆಲ್ಲಕ ಕೇಳ್ರಿ ಅಜ್ಜಾ, ಗಂಟಿ ಹಂಗ ನುಡೀತೈತಿ” ಎಂದು ಹೇಳಿ, ಬೆಣಚುಕಲ್ಲಿನ ಚೂರಿನಿಂದ ಒಂದು ಕುಳಿಯನ್ನು ಹಗುರವಾಗಿ ತಟ್ಟಿದನು. ನಿಜವಾಗಿಯೂ ಗುಡಿಯ ಗಂಟೆಯ ಧ್ವನಿಯೇ. ಪಕ್ಕದ ಬಂಡೆಯನ್ನು ತಟ್ಟಿದರೆ ಬರಿಯ ಕಲ್ಲಿನ ಸದ್ದು. 1892ರಲ್ಲಿಯೇ ಫಾಸೆಟ್ ಎಂಬುವನು ಈ ಚಿತ್ರಗಳನ್ನು ಕುರಿತು ಬರೆದಿದ್ದನು. ಅನಂತರ ಬಹುಕಾಲ ಪಂಡಿತರಿಗೆ ಈ ಸ್ಥಳವೇ ಮರೆತುಹೋದಂತಾಗಿತ್ತು. 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಲೋಕವು ಪುನಃ ಇತ್ತ ತಿರುಗಿತು. ಪಂಡಿತರು ಮರೆತ ಕಾಲದಲ್ಲಿಯೂ ಕುರಿ ಕಾಯುವವರು ಮರೆತಿರಲಾರರು. ಬಂದವರೆಲ್ಲ ತಟ್ಟತೊಡಗಿದರೆ ಕುಳಿ ಸವೆಯುವುದೆಂದು ನಾವು ಕೈಯಿಕ್ಕದೆ ಕೇಳಿ ಸುಮ್ಮನಾದೆವು.

ಅದೇ ಲೇಖಕರು ಇನ್ನೊಂದು ಮಾತನ್ನೂ ಎಚ್ಚರಿಸಿದ್ದರು. ಗುಡ್ಡದ ಒಂದು ಭಾಗವು ಆಗಲೇ ಕಲ್ಲುಗಣಿಯ ಪಾಲಾಗಿತ್ತು. ಮನೆಗೆ, ರಸ್ತೆಗೆ ಕಲ್ಲು ಬೇಡವೆಂದು ಹೇಳುವವರು ನಾವಲ್ಲ. ಜಲ್ಲಿಯ ರಸ್ತೆಯ ಮೇಲೆಯೇ ನಾವು ಗುಡ್ಡದವರೆಗೆ ಹೋದದ್ದು. ಕಲ್ಲೊಡೆಯುವ ಕೂಲಿಯವನ ಮೇಲೆ ಕೋಪಿಸಿಯೂ ಫಲವಿಲ್ಲ, ಅವನ ಹೊಟ್ಟೆ ಅದರಿಂದಲೇ ತುಂಬಬೇಕು. ಆದರೆ ಜಲ್ಲಿಗೆ ಬೇರೆ ಗುಡ್ಡ ಸಿಕ್ಕೀತು, ನುಡಿಯುವ ಬಂಡೆಗೆ ಬೇರೆ ಬಂಡೆಯಿಲ್ಲ. ಒಮ್ಮೆ ಸಿಡಿದುದನ್ನು ಯಾವ ಸರಕಾರವೂ ಕೂಡಿಸಿ ಕೊಡಲಾರದು. ಇಲ್ಲಿ ದೊರೆತ ಸಾಮಗ್ರಿಗಳನ್ನು ಬಳ್ಳಾರಿಯಲ್ಲಿ ಫೂಟನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ; ಅದನ್ನು ಮೊದಲು ನೋಡಿಕೊಂಡು ಗುಡ್ಡಕ್ಕೆ ಹೋದರೆ ಕಣ್ಣಿಗೆ ಬೇಕಾದುದು ತಾನಾಗಿ ಕಾಣುವುದು.

ಇನ್ನು ದಾರಿಯ ಮಾತು. ಕಾಳಿದಾಸನ ಯಕ್ಷನು ಮೇಘಕ್ಕೆ ಮೊದಲು ದಾರಿಯನ್ನು ತಿಳಿಸಿ ಆಮೇಲೆ ಸಂದೇಶವನ್ನು ಹೇಳಿದನು. ಪಾಠ ಹೇಳುವಾಗ ನಮಗೆ ಅದು ಕವಿಯ ಚಮತ್ಕಾರವಾಗಿ ಮಾತ್ರ ತೋರುತ್ತಿತ್ತು, ಈ ಗುಡ್ಡಗಳಲ್ಲಿ ಅದರ ವ್ಯವಹಾರಜ್ಞಾನವೂ ತಿಳಿಯಿತು. ಇಲ್ಲಿ ದಾರಿ ತೋರಿಸುವ ಫಲಕವಿಲ್ಲ. ಕುರಿಯ ಹಿಕ್ಕೆ, ಸವೆದ ಬಂಡೆ, ದೇವತೆಯ ಕಲ್ಲಿಗೆ ಬಳಿದ ಸುಣ್ಣ, ಇವೇ ಗುರುತು. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಬಳ್ಳಾರಿ ಜಾಲಿಯು ದಾರಿಯನ್ನು ನುಂಗಿಬಿಡುವುದು. ದಾರಿ ಮುಚ್ಚಿದ ಗುಡ್ಡಕ್ಕೆ ಯಾರೂ ಹೋಗರು. ಯಾರೂ ಹೋಗದ ಗುಡ್ಡದಲ್ಲಿ ಏನು ಒಡೆದರೂ ಕೇಳುವವರಿಲ್ಲ.

ಸ್ಪೇನ್ ದೇಶದಲ್ಲಿ ಸಾಂತಿಯಾಗೊ ಎಂಬ ಪುಣ್ಯಕ್ಷೇತ್ರಕ್ಕೆ ಬೆಟ್ಟಗಳ ಮೇಲೂ ಹಳೆಯ ಹಳ್ಳಿಗಳ ನಡುವೆಯೂ ಹಾದುಹೋಗುವ ಕಾಲುದಾರಿಯುಂಟು. ಅದೂ ಒಮ್ಮೆ ಪಾಳುಬಿದ್ದಿತ್ತು. 1980ರ ದಶಕದಲ್ಲಿ ಎಲಿಯಾಸ್ ವಲಿನ್ಯ ಎಂಬ ಹಳ್ಳಿಯ ಪಾದ್ರಿಯೊಬ್ಬರು ಹಳದಿ ಬಣ್ಣವನ್ನು ಹಿಡಿದು ಹೊರಟು ಕಲ್ಲು, ಮರ, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದರು. ಈಗ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನರು ಅಲ್ಲಿಗೆ ಯಾತ್ರಿಕರಾಗಿ ಬರುತ್ತಾರೆ. ದಾರಿಯ ಹಳ್ಳಿಗಳಲ್ಲಿ ಅವರಿಗೆ ಉಣಿಸಿ ಮಲಗಿಸಿ ಬದುಕುವ ಮನೆಗಳಿವೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ನಾಡಿನವರಿಗೆ ಇದು ಹೊಸ ವಿಷಯವಲ್ಲ. ಬಂಡೆಗೆ ಬಣ್ಣ ಬಳಿಯಬೇಕೆಂದು ನಾವು ಹೇಳುತ್ತಿಲ್ಲ, ಚಿತ್ರಗಳಿರುವಲ್ಲಿ ಅದು ಅಪಚಾರವೇ ಆದೀತು. ಊರ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕುರಿಗಾಹಿಯ ಹಿಂದೆ ನಡೆಸಿದರೂ ದಾರಿ ಉಳಿದೀತು.

ಸಿರುಗುಪ್ಪದ ಕಡೆ ನೆಲದ ಬಣ್ಣವೇ ಬೇರೆ. ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದು ಎಲ್ಲೆಲ್ಲಿಯೂ ಭತ್ತದ ಗದ್ದೆ. ಊರ ಹೆಸರು ‘ಸಿರಿಯ ಕುಪ್ಪೆ’ಯಿಂದ ಬಂದಿತೆಂದು ಅಲ್ಲಿಯವರು ಹೇಳುತ್ತಾರೆ, ಸುಗ್ಗಿಯ ಕಣಗಳನ್ನು ಕಂಡವರು ವ್ಯಾಕರಣವನ್ನು ಕೆದಕದೆ ಒಪ್ಪಿಬಿಡುವರು. ಬಳ್ಳಾರಿಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿಯೇ ತೆಕ್ಕಲಕೋಟೆಯ ಗುಡ್ಡಗಳು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಇಲ್ಲಿ ಅಗೆಸಿದಾಗ ಬಂಡೆಗಳ ನಡುವೆ ದುಂಡನೆಯ ಗುಡಿಸಲುಗಳ ನೆಲವೂ, ನವಶಿಲಾಯುಗದ ಬಂಗಾರದ ಕಿವಿಯೋಲೆಯೂ ದೊರೆತುವು. ಕಲ್ಲಿನ ಕೊಡಲಿ ಹಿಡಿದವರ ಮನೆಯಲ್ಲಿಯೂ ಓಲೆ ಬೇಕೆಂದವರಿದ್ದರು!

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆ. ಅವನ ಶಾಸನಗಳಲ್ಲಿ ಬಹುಮಟ್ಟಿಗೆ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರ ಬರುವುದು, ಅಶೋಕನೆಂಬ ಹೆಸರೇ ಕಾಣುವ ಶಾಸನಗಳು ಬೆರಳೆಣಿಕೆಯವು. 1915ರಲ್ಲಿ ಮಸ್ಕಿಯಲ್ಲಿ ಅಂತಹದೊಂದು ದೊರೆಯಿತು. 1970ರ ದಶಕದ ಕೊನೆಗೆ ಬೆಳಕಿಗೆ ಬಂದ ನಿಟ್ಟೂರು, ಉಡೇಗೊಳಗಳ ಶಾಸನಗಳೂ ಆ ಸಾಲಿಗೆ ಸೇರಿದುವು. ತಾಯಿತಂದೆಗಳಿಗೂ ಗುರುಹಿರಿಯರಿಗೂ ವಿಧೇಯರಾಗಿರಬೇಕೆಂಬ ಬೋಧೆಯು ಅವುಗಳಲ್ಲಿ ಬರುವುದರಿಂದ, ಮೂವರು ಹಳೆಯ ಉಪಾಧ್ಯಾಯರಿಗೆ ಅಲ್ಲಿ ಕೊಂಚ ಹೆಚ್ಚಾಗಿಯೇ ಸಂತೋಷವಾಯಿತೆಂದು ಬರೆದರೆ ವಾಚಕರು ಕ್ಷಮಿಸಬೇಕು.

ಕುರುಗೋಡು 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಸಿಂದರ ರಾಜಧಾನಿ. ಈಗ ತಾಲ್ಲೂಕಿನ ಮುಖ್ಯಸ್ಥಳ. ದೊಡ್ಡಬಸವೇಶ್ವರನ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವಣ್ಣನೇ ಗರ್ಭಗುಡಿಯ ದೇವರು. ಶಿವನ ಎದುರಿಗೆ ಕುಳಿತಿರುವ ನಂದಿಯನ್ನೇ ಕಂಡು ಬಲ್ಲ ನಮಗೆ ಅದು ವಿಶೇಷವಾಗಿ ತೋರಿತು. ಜಾತ್ರೆಗೆ ಜನಸಾಗರ. ಆದರೆ ಗುಡ್ಡದ ಬುಡದಲ್ಲಿರುವ ಹಳೆಯ ಊರಿನ ನೆಲೆಗೆ ಹೋಗುವವರು ಕಡಮೆ. ಚಾಲುಕ್ಯರ ಕಾಲದ ಹಲವು ಕಲ್ಲುಗುಡಿಗಳು ಅಲ್ಲಿ ನಿಂತಿವೆ. 1896ರಲ್ಲಿ ಅಲೆಕ್ಸಾಂಡರ್ ರೀ ತನ್ನ ಗ್ರಂಥದಲ್ಲಿ ಅವನ್ನು ವರ್ಣಿಸಿದನು. ನಾವು ಹೋದ ದಿನ ಒಂದು ಗುಡಿಯ ನೆರಳಿನಲ್ಲಿ ಹೊಲದಿಂದ ಬಂದ ಹೆಂಗಸರು ಬುತ್ತಿ ಬಿಚ್ಚಿದ್ದರು. “ಯಾವೂರ್ರೀ ಯಜಮಾನ್ರಾ, ಕಲ್ಲು ನೋಡಾಕ ಬಂದೀರಾ? ಬರ್ರಿ, ಒಂದೊಂದು ರೊಟ್ಟಿ ತಿನ್ರಿ” ಎಂದು ಜೋಳದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕೊಟ್ಟರು. ನಮ್ಮ ಚೀಲದ ಮಂಡಕ್ಕಿ ಅದರ ಮುಂದೆ ಸಪ್ಪೆಯಾಯಿತು.

ಹೋಗಬೇಕೆನ್ನುವವರಿಗೆ ಎರಡು ಮಾತು. ಗುಡ್ಡದ ಮೇಲೆ ನೀರು ಸಿಕ್ಕುವುದೆಂಬ ನೆಚ್ಚಿಕೆ ಬೇಡ, ತಲೆಗೆ ಎರಡು ಲೀಟರಿನಂತೆ ಒಯ್ಯಬೇಕು. ಹತ್ತು ಗಂಟೆಯೊಳಗೆ ಇಳಿದುಬಿಡುವುದು ಲೇಸು. ಈ ಕಡೆಯ ಗುಡ್ಡಗಳಲ್ಲಿ ಕರಡಿಗಳುಂಟು. ಹತ್ತಿರದ ದರೋಜಿಯಲ್ಲಿ 1994ರಲ್ಲಿ ಅವಕ್ಕಾಗಿಯೇ ಧಾಮವಾಯಿತು. ಆದುದರಿಂದ ಸಂಜೆಯ ಹೊತ್ತು ಬಂಡೆಗಳ ಸಂದಿಯಲ್ಲಿ ಇರಕೂಡದು, ಊರವರೊಬ್ಬರು ಜೊತೆಗಿಲ್ಲದೆ ಹೊರಡಲೂ ಕೂಡದು.

ನಮಗೆ ಇನ್ನೊಂದು ನಡಿಗೆ ಉಳಿದಿದೆ. ಕುಡತಿನಿಯ ಬಳಿ ಬೂದಿಯ ದಿಬ್ಬವಿದೆ; ಭೀಮನು ಕೊಂದ ಹಿಡಿಂಬಾಸುರನ ಬೂದಿಯೆಂದು ಜನರು ಹೇಳುತ್ತಿದ್ದರು. ನವಶಿಲಾಯುಗದ ದನಗಾಹಿಗಳು ಕೊಟ್ಟಿಗೆಯ ಸಗಣಿಯನ್ನು ಕಾಲಕಾಲಕ್ಕೆ ಸುಟ್ಟು ಆದ ರಾಶಿಯೆಂದು ಶೋಧಕರು ತೋರಿಸಿದ್ದಾರೆ. ಬರುವ ಮಾರ್ಗಶಿರದಲ್ಲಿ ಅಲ್ಲಿಂದ ಹೊರಟು ಹೊಲದ ದಾರಿಯಲ್ಲಿ ಕುರುಗೋಡಿಗೆ ನಡೆಯಬೇಕೆಂದಿದ್ದೇವೆ. ದಾರಿ ಬಲ್ಲ ಕುರಿಗಾಹಿಯೊಬ್ಬರು ಬರಲು ಒಪ್ಪಿದ್ದಾರೆ.